ಬಿಚ್ಚಿದ ಮಾಳಿಗೆ

ಭಾನುವಾರ ಬೆಳಗ್ಗೆ ಆರಾಧನೆಯು ಆರಂಭವಾದಮೇಲೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಅದು ಮುಗಿಯುವ ಮೊದಲೇ ಎದ್ದುಹೋಗುವ ಕುಟುಂಬವೊಂದು ಯಾವ ಊರಿನ ಚರ್ಚಿನಲ್ಲಾದರೂ ಕಾಣಬಹುದು. ತಾಯಿಯ ಮಗ್ಗುಲಲ್ಲಿರುವ ಮಗನಿಗೆ ಇಪ್ಪತ್ತು ವರ್ಷ. ಬುದ್ಧಿಯು ದೇಹದೊಡನೆ ಬೆಳೆಯಲಿಲ್ಲ. ಪ್ರಾರ್ಥನೆಯ ಮೌನದಲ್ಲಿ ಅವನು ಕೂಗುತ್ತಾನೆ. ಹತ್ತಾರು ತಲೆಗಳು ಹಿಂದಕ್ಕೆ ತಿರುಗುತ್ತವೆ. ಯಾರೂ ಏನನ್ನೂ ಅನ್ನುವುದಿಲ್ಲ. ತಾಯಿಯು ಮಗನ ಕೈಹಿಡಿದು ಹೊರಕ್ಕೆ ಹೋಗುತ್ತಾಳೆ. ಕೆಲವು ವಾರಗಳಾದ ಮೇಲೆ ಅವರು ಬರುವುದನ್ನೇ ಬಿಡುತ್ತಾರೆ. ಸಭೆಯವರಲ್ಲಿ ದಯೆಯಿಲ್ಲವೆಂದು ಹೇಳಲಾಗದು. ಹಬ್ಬದ ದಿನ ಬಟ್ಟೆಬರೆಗಳೂ ತಿಂಡಿಯ ಪೊಟ್ಟಣಗಳೂ ಆ ಮನೆಗೆ ತಪ್ಪದೆ ತಲಪುತ್ತವೆ. ಆದರೆ ಆ ತಂದೆತಾಯಿಗಳ ನಿದ್ರೆಯನ್ನು ಕೆಡಿಸುವ ಚಿಂತೆಯೇ ಬೇರೆ: ತಾವು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು ದಿಕ್ಕು?

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಒಂದು ವೃತ್ತಾಂತವುಂಟು. ಕಪೆರ್ನೌಮಿನ ಒಂದು ಮನೆಯಲ್ಲಿ ಯೇಸುವು ಉಪದೇಶಿಸುತ್ತಿರಲು, ಜನರು ಬಾಗಿಲವರೆಗೂ ಕಿಕ್ಕಿರಿದಿದ್ದರು. ಪಾರ್ಶ್ವವಾಯುಪೀಡಿತನೊಬ್ಬನನ್ನು ನಾಲ್ವರು ಹೊತ್ತು ತಂದರು, ದಾರಿ ದೊರೆಯಲಿಲ್ಲ. ಅವರು ಮಾಳಿಗೆಯನ್ನೇರಿ, ಅದನ್ನು ಬಿಚ್ಚಿ, ಹಾಸಿಗೆಯೊಡನೆ ಅವನನ್ನು ಒಳಕ್ಕೆ ಇಳಿಬಿಟ್ಟರು. ಕಥೆಯನ್ನು ಕೇಳಿದವರೆಲ್ಲರೂ ರೋಗಿಯು ಎದ್ದು ನಡೆದುದನ್ನು ನೆನಪಿನಲ್ಲಿಡುತ್ತಾರೆ. ಅದಕ್ಕೆ ಮೊದಲು ನಡೆದುದೂ ಅಷ್ಟೇ ಮನನೀಯವಾದುದು. ದಾರಿಗೆ ಅಡ್ಡವಾಗಿ ನಿಂತವರು ದುಷ್ಟರಲ್ಲ, ಭಕ್ತಿಯಿಂದ ಉಪದೇಶವನ್ನು ಕೇಳಬಂದವರೇ. ರೋಗಿಯ ಭಾರವನ್ನು ಹೊತ್ತವರು ನಾಲ್ವರು. ಜನಕನ ಯಜ್ಞಶಾಲೆಯ ಬಾಗಿಲಲ್ಲಿ ತಡೆಯಲ್ಪಟ್ಟ ಅಷ್ಟಾವಕ್ರನ ಕಥೆಯನ್ನು ಬಲ್ಲ ವಾಚಕರಿಗೆ ಈ ಬಾಗಿಲಿನ ಪ್ರಶ್ನೆಯು ಅಪರಿಚಿತವಲ್ಲ.

ಚರ್ಚು ಈ ಪಾಠವನ್ನು ನಿಧಾನವಾಗಿಯೇ ಕಲಿತಿದೆ. ಹುಟ್ಟುಕುರುಡನ ವಿಷಯದಲ್ಲಿ, ಇದು ಅವನ ಪಾಪದ ಫಲವೂ ಅಲ್ಲ, ಹೆತ್ತವರ ಪಾಪದ ಫಲವೂ ಅಲ್ಲವೆಂದು ಯೇಸುವು ಶಿಷ್ಯರಿಗೆ ತಿಳಿಯಹೇಳಿದುದು ಯೋಹಾನನ ಸುವಾರ್ತೆಯಲ್ಲಿದೆ. ಆದರೂ ನಮ್ಮಲ್ಲಿ ಪೂರ್ವಜನ್ಮದ ಕರ್ಮವೆನ್ನುವಂತೆ, ಅಲ್ಲಿಯೂ ಹೆತ್ತವರ ಕಡೆಗೆ ಬೆರಳು ತೋರಿಸುವವರು ಇಲ್ಲದಿಲ್ಲ. ರೋಮನ್ ಕೆಥೋಲಿಕ್ ಸಭೆಯ 1917ರ ಧರ್ಮಶಾಸನವು ಪೂಜಾಕಾರ್ಯಕ್ಕೆ ಅಡ್ಡಿಯಾಗುವ ಅಂಗವೈಕಲ್ಯವುಳ್ಳವರಿಗೆ ಗುರುದೀಕ್ಷೆಯನ್ನು ನಿಷೇಧಿಸಿತ್ತು. 1983ರ ಶಾಸನದಲ್ಲಿ ಆ ನಿಷೇಧವನ್ನು ಕೈಬಿಡಲಾಯಿತು. ಅಮೆರಿಕದಲ್ಲಿ 1990ರಲ್ಲಿ ಆದ ಕಾನೂನು ಅಂಗಡಿ, ಹೋಟೆಲು, ನಾಟಕಶಾಲೆಗಳು ವಿಕಲಾಂಗರಿಗೆ ಪ್ರವೇಶಸೌಕರ್ಯವನ್ನು ಒದಗಿಸತಕ್ಕದ್ದೆಂದು ವಿಧಿಸಿ, ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿತು. ರಾಜಾಜ್ಞೆಯು ಒತ್ತಾಯಪಡಿಸದಿದ್ದುದನ್ನು ಧರ್ಮಬುದ್ಧಿಯಾದರೂ ಮಾಡಿಸಬೇಡವೆ?

ಅಂತಹ ಧರ್ಮಬುದ್ಧಿಯು ಒಂದು ಊರನ್ನೇ ತಿದ್ದಿದ ನಿದರ್ಶನವು ಬೆಲ್ಜಿಯಂ ದೇಶದ ಗೇಲ್ ಎಂಬ ಪಟ್ಟಣದಲ್ಲಿದೆ. ಪತ್ನೀವಿಯೋಗದಿಂದ ಮತಿಗೆಟ್ಟ ತಂದೆಯ ಕೈಯಿಂದ ತಪ್ಪಿಸಿಕೊಂಡು ಐರ್ಲೆಂಡಿನಿಂದ ಓಡಿಬಂದ ಡಿಂಫ್ನಾ ಎಂಬ ರಾಜಕುಮಾರಿಯು ಇಲ್ಲಿಯೇ ಅವನಿಂದ ಹತಳಾದಳೆಂದು ಐತಿಹ್ಯ. ಅವಳು ಮನೋರೋಗಿಗಳ ರಕ್ಷಕಳೆಂಬ ನಂಬಿಕೆಯಿಂದ ದೂರದೂರದವರು ರೋಗಿಗಳನ್ನು ಅವಳ ದೇವಾಲಯಕ್ಕೆ ಕರೆತರುತ್ತಿದ್ದರು. ಒಂಬತ್ತು ದಿನಗಳ ವ್ರತಕ್ಕಾಗಿ ದೇವಾಲಯಕ್ಕೆ ಹೊಂದಿಕೊಂಡೇ ಒಂದು ರೋಗಿಶಾಲೆಯನ್ನು ಕಟ್ಟಿದರು. ಅದರಲ್ಲಿ ಸ್ಥಳ ಸಾಲದಾಗಲು ಊರಿನ ಗೃಹಸ್ಥರು ರೋಗಿಗಳನ್ನು ತಮ್ಮ ಮನೆಗಳಲ್ಲಿ ಇಳಿಸಿಕೊಂಡರು. ವ್ರತ ಮುಗಿದರೂ ಗುಣವಾಗದವರು ಆ ಮನೆಗಳಲ್ಲಿಯೇ ಉಳಿದರು.

ಹೀಗೆ ಮೊದಲಾದ ಪದ್ಧತಿಯು ಶತಮಾನಗಳನ್ನು ದಾಟಿ ಬಂದಿದೆ. 19ನೆಯ ಶತಮಾನದ ಮಧ್ಯದಲ್ಲಿ ಮೇಲ್ವಿಚಾರಣೆಯು ಚರ್ಚಿನಿಂದ ಸರ್ಕಾರಕ್ಕೆ ಹೋಯಿತು, ವೈದ್ಯರು ಬಂದರು, ಮನೆಯವರೇ ಮನೆಯವರಾಗಿ ಉಳಿದರು. 1930ರ ದಶಕದ ಕೊನೆಯಲ್ಲಿ ಅಲ್ಲಿ 3,700ಕ್ಕೂ ಮಿಕ್ಕ ಮನೋರೋಗಿಗಳು ಸಂಸಾರಗಳ ನಡುವೆ ವಾಸವಾಗಿದ್ದರು. ಅವರನ್ನು ರೋಗಿಗಳೆನ್ನದೆ ಮನೆಯಲ್ಲಿ ಉಣ್ಣುವವರೆಂಬರ್ಥದ ಹೆಸರಿನಿಂದ ಕರೆಯುವುದು ರೂಢಿ. ಅವರು ಹೊಲದಲ್ಲಿ ಕೈಲಾದಷ್ಟು ದುಡಿಯುತ್ತಿದ್ದರು, ಮಕ್ಕಳನ್ನು ಆಡಿಸುತ್ತಿದ್ದರು. ಮನೆಯ ಹಿರಿಯರು ತೀರಿಕೊಂಡರೆ ಅವರ ಮಗನೋ ಮಗಳೋ ಆ ಅತಿಥಿಯನ್ನು ಮುಂದಕ್ಕೂ ಇರಿಸಿಕೊಂಡ ಸಂದರ್ಭಗಳುಂಟು. ಎಲ್ಲವೂ ಪುಣ್ಯಮಯವಾಗಿತ್ತೆಂದಲ್ಲ: ಮನೆಯವರಿಗೆ ಹಣ ಸಲ್ಲುತ್ತಿತ್ತು, ಹಿಂದಿನ ಕಾಲದಲ್ಲಿ ಕೆಲವರ ಕಾಲಿಗೆ ಸರಪಳಿಯೂ ಇತ್ತು. ಈಗ ಆಧುನಿಕ ಜೀವನದ ಒತ್ತಡದಿಂದ ಅಂತಹ ಮನೆಗಳು ಬಹಳ ಕಡಮೆಯಾಗಿವೆ. ಆದರೂ ತಂದೆತಾಯಿಗಳ ಆ ಕಡೆಯ ಪ್ರಶ್ನೆಗೆ ಒಂದು ಊರು ತನ್ನ ಅಡುಗೆಮನೆಯಲ್ಲಿ ಉತ್ತರ ಕೊಟ್ಟಿತೆಂಬುದು ಸಣ್ಣ ಮಾತಲ್ಲ.

ಎಲ್ಲ ಸಭೆಗಳೂ ಗೇಲ್ ಆಗಲಾರವು. ಆದರೆ ಗೇಲಿನ ಮೊದಲ ಹೆಜ್ಜೆಯನ್ನು ಯಾವ ಸಭೆಯಾದರೂ ಇಡಬಹುದು. ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಗಾಗಿ ಇಳಿಜಾರು, ಕುರುಡರಿಗೆ ಬ್ರೈಲ್ ಪುಸ್ತಕ, ಕಿವುಡರಿಗೆ ಸಂಜ್ಞಾಭಾಷೆ ಬಲ್ಲವರು, ಇವು ಅವಶ್ಯವಾಗಿ ಬೇಕು. ಇವುಗಳಿಗೆ ಹಣವು ಸಾಕು. ಮಿಕ್ಕುದಕ್ಕೆ ಮನುಷ್ಯರು ಬೇಕು. ವಾರಕ್ಕೊಂದು ಮಧ್ಯಾಹ್ನ ಆ ಮಗನ ಬಳಿ ಕುಳಿತು ತಾಯಿಗೆ ವಿಶ್ರಾಂತಿ ಕೊಡುವವರು, ತಂದೆಯೊಡನೆ ಆಸ್ಪತ್ರೆಗೂ ಕಚೇರಿಗೂ ಹೋಗುವವರು, ಹೆತ್ತವರ ಕಾಲಾನಂತರ ಯಾರು ಹೊಣೆಯೆಂಬುದನ್ನು ಅವರು ಬದುಕಿರುವಾಗಲೇ ಕೂಡಿ ಕುಳಿತು ಗೊತ್ತುಮಾಡುವವರು ಬೇಕು. ಪಡೆಯುವವನನ್ನು ಕೊಡುವವನನ್ನಾಗಿಯೂ ಮಾಡಬೇಕು. ಕಿವುಡರಾದ ಹೆನ್ರಿ ವಿಂಟರ್ ಸೈಲ್ ಎಂಬವರು 1883ರಲ್ಲಿ ಅಮೆರಿಕದ ಎಪಿಸ್ಕೋಪಲ್ ಸಭೆಯ ಪಾದ್ರಿಗಳಾದರು. ಎಲ್ಲರೂ ಪಾದ್ರಿಗಳಾಗಬೇಕಿಲ್ಲ, ಗಂಟೆ ಬಾರಿಸುವುದಕ್ಕೂ ಕಾಣಿಕೆಯ ತಟ್ಟೆ ಹಿಡಿಯುವುದಕ್ಕೂ ಹಿಂದಿನ ಸಾಲಿನ ಆ ಯುವಕನನ್ನು ಈವರೆಗೆ ಯಾರಾದರೂ ಕರೆದರೆ?

ಮುಂದಿನ ಭಾನುವಾರ ಅವನು ಕೂಗಿದಾಗ ಇನ್ನೊಬ್ಬರು ಎದ್ದು ಹೋಗಿ, ತಾಯಿಯನ್ನು ಒಳಕ್ಕೆ ಕಳುಹಿಸಿ, ಅವನ ಪಕ್ಕದಲ್ಲಿ ಕುಳಿತರೆ ಕೆಲಸವು ಆರಂಭವಾದಂತೆಯೇ. ಅದರ ಮುಂದಿನ ವಾರಕ್ಕೆ ಮತ್ತೊಬ್ಬರು ಸಿಕ್ಕಾರು. ಕಪೆರ್ನೌಮಿನಲ್ಲಿಯೂ ಬೇಕಾಗಿದ್ದವರು ನಾಲ್ವರೇ.