ಮರದ ಹಳಿಯ ಮೇಲೆ ಮೂರು ತಲೆಮಾರು

ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನಾಟಿ ನಗರದಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಮೇಸನ್ ಎಂಬ ಊರು. ಹೆದ್ದಾರಿಯಿಂದಲೇ ಅಲ್ಲೊಂದು ಐಫೆಲ್ ಗೋಪುರ ಕಾಣುತ್ತದೆ. ಪ್ಯಾರಿಸ್‌ನ ಗೋಪುರದ ಮೂರನೇ ಒಂದರಷ್ಟು ಎತ್ತರದ ಪ್ರತಿಕೃತಿ ಅದು. 1972ರಲ್ಲಿ ಆರಂಭವಾದ ಕಿಂಗ್ಸ್ ಐಲೆಂಡ್ ಎಂಬ ವಿಹಾರೋದ್ಯಾನದ ಹೆಗ್ಗುರುತು.

ಬೇಸಿಗೆ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಒಂದು ಇಡೀ ದಿನವನ್ನು ಇಲ್ಲಿ ಕಳೆದೆ. ಒಂದೇ ಆವರಣದಲ್ಲಿ ಮೂರು ತಲೆಮಾರಿನ ಮೂರು ದೊಡ್ಡ ಮರದ ರೋಲರ್ ಕೋಸ್ಟರ್‌ಗಳಿವೆ. ಮೂರನ್ನೂ ಕಟ್ಟಿದವರು ಬೇರೆ ಬೇರೆ. ನಾಲ್ಕನೆಯದೊಂದು ಇದ್ದು ಅಳಿದುಹೋದ ಜಾಗವೂ ಇದೆ. ಸವಾರಿಯ ನಯ, ವೆಚ್ಚ, ನಿರ್ವಹಣೆ ಇವನ್ನು ಹೋಲಿಸಿ ನೋಡಬೇಕೆನ್ನುವ ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ಎತ್ತಿನ ಗಾಡಿಯ ಗಾಲಿಯಂತೆ

ಬಿಡದಿಯ ವಂಡರ್‌ಲಾಕ್ಕೆ ಹೋದವರು ಉಕ್ಕಿನ ಹಳಿಯ ರೋಲರ್ ಕೋಸ್ಟರ್ ನೋಡಿರುತ್ತೀರಿ. ಮರದ್ದು ಬೇರೆ ಜಾತಿ. ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಪೇರಿಸಿ, ಮೊಳೆ ಬೋಲ್ಟು ಬಿಗಿದು ಹಳಿ ಮಾಡುತ್ತಾರೆ. ಗಾಲಿ ಉರುಳುವ ಕಡೆಗೆ ಮಾತ್ರ ಉಕ್ಕಿನ ಪಟ್ಟಿ. ನಮ್ಮ ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದಿಲ್ಲವೇ, ಹಾಗೆ. ಗಾಡಿ ಹಳಿ ಬಿಟ್ಟು ಮೇಲೇಳದಂತೆ ಹಳಿಯ ಕೆಳಗೂ ಗಾಲಿ ಇಡುವ ಉಪಾಯಕ್ಕೆ ಜಾನ್ ಮಿಲ್ಲರ್ ಎಂಬಾತ 1919ರಲ್ಲಿ ಪೇಟೆಂಟ್ ಪಡೆದ. ಕಡಿದಾದ ಇಳಿಜಾರುಗಳನ್ನು ಧೈರ್ಯವಾಗಿ ಕಟ್ಟಲು ದಾರಿಯಾದದ್ದು ಇದರಿಂದ.

ಮರಕ್ಕೆ ಒಂದು ಗುಣವಿದೆ, ಅದೇ ಅದರ ದೋಷವೂ ಹೌದು: ಅದು ಬಾಗುತ್ತದೆ. ಇಳಿಜಾರಿನ ತಳದಲ್ಲಿ ಗಾಡಿ ದಿಕ್ಕು ಬದಲಿಸುವಾಗ, ನಿಂತ ಗಾಡಿಯ ತೂಕದ ಹಲವು ಪಟ್ಟು ಬಲ ಹಳಿಯ ಮೇಲೆ ಬೀಳುತ್ತದೆ. ಮರ ಸ್ವಲ್ಪ ಜಗ್ಗಿ ಆ ಹೊಡೆತವನ್ನು ನುಂಗುತ್ತದೆ. ಆದರೆ ದಿನಕ್ಕೆ ನೂರಾರು ಸಲ ಹೀಗಾದರೆ ಬೋಲ್ಟು ಸಡಿಲುತ್ತದೆ, ಹಲಗೆ ಸವೆಯುತ್ತದೆ. ಮಳೆಗೆ ಮರ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಹಳಿಯಲ್ಲಿ ಒಂದು ಸಣ್ಣ ತಗ್ಗು ಬಿತ್ತೆನ್ನಿ, ಮುಂದಿನ ಗಾಡಿ ಅದೇ ಜಾಗಕ್ಕೆ ಇನ್ನಷ್ಟು ಜೋರಾಗಿ ಬಡಿಯುತ್ತದೆ. ರಸ್ತೆಯ ಗುಂಡಿ ಬೆಳೆಯುವುದೂ ಹೀಗೇ ಅಲ್ಲವೇ?

ಹಿರಿಯಣ್ಣ ಮತ್ತು ಮೃಗ

ಮೊದಲನೆಯದು ದ ರೇಸರ್. ಉದ್ಯಾನದ ಜೊತೆಗೇ 1972ರಲ್ಲಿ ಹುಟ್ಟಿತು. ಫಿಲಡೆಲ್ಫಿಯಾ ಟೊಬಾಗನ್ ಕಂಪನಿಯ ಜಾನ್ ಅಲೆನ್ ಇದರ ವಿನ್ಯಾಸಕಾರ. ಎತ್ತರ 88 ಅಡಿ. ಜೋಡಿ ಹಳಿಗಳ ಮೇಲೆ ಎರಡು ಗಾಡಿಗಳು ಪಂದ್ಯ ಕಟ್ಟಿದಂತೆ ಓಡುತ್ತವೆ. ಗುಡ್ಡಗಳು ಉದ್ದನೆಯವು, ತಿರುವುಗಳು ವಿಶಾಲ. ಹೀಗಾಗಿ ಹಳಿಗೆ ಅಡ್ಡಬಲ ಕಡಿಮೆ. ಅಮೆರಿಕದಲ್ಲಿ ಮರದ ಕೋಸ್ಟರ್‌ಗಳು ಮೂಲೆಗುಂಪಾಗಿದ್ದ ಕಾಲದಲ್ಲಿ ಅವಕ್ಕೆ ಮರುಜೀವ ಕೊಟ್ಟದ್ದು ಇದೇ ಎನ್ನುತ್ತಾರೆ.

ಎರಡನೆಯದು ದ ಬೀಸ್ಟ್, ಅಂದರೆ ಮೃಗ. 1979ರಲ್ಲಿ ತೆರೆಯಿತು. ಇದನ್ನು ಹೊರಗಿನ ಕಂಪನಿಗೆ ವಹಿಸದೆ ಉದ್ಯಾನದ ಎಂಜಿನಿಯರುಗಳೇ ಕಟ್ಟಿದರು. ಉದ್ದ 7,300 ಅಡಿಗೂ ಹೆಚ್ಚು, ಎಂದರೆ ಸುಮಾರು ಎರಡೂಕಾಲು ಕಿಲೋಮೀಟರ್. ಮರದ ಕೋಸ್ಟರ್‌ಗಳಲ್ಲಿ ಇಂದಿಗೂ ಜಗತ್ತಿನಲ್ಲೇ ಅತಿ ಉದ್ದನೆಯದು. ಸವಾರಿ ನಾಲ್ಕು ನಿಮಿಷ ದಾಟುತ್ತದೆ. ಗೋಪುರದ ಮೇಲೆ ನಿಂತು ನೋಡಿದರೂ ಇದರ ಪೂರ್ಣ ರೂಪ ಕಾಣದು. ನೆಲದ ಏರುತಗ್ಗುಗಳನ್ನೇ ಬಳಸಿಕೊಂಡು ಕಾಡಿನೊಳಗೆ ಹುದುಗಿಕೊಂಡಿದೆ. ಆಗ ತಗಲಿದ ವೆಚ್ಚ ಸುಮಾರು 32 ಲಕ್ಷ ಡಾಲರ್.

ಅಷ್ಟಕ್ಕೇ ಮುಗಿಯಲಿಲ್ಲ. 2022ರಲ್ಲಿ ಸಿನ್ಸಿನಾಟಿಯದೇ ಆದ ಗ್ರಾವಿಟಿ ಗ್ರೂಪ್ ಕಂಪನಿಯವರು 2,000 ಅಡಿಗೂ ಹೆಚ್ಚು ಹಳಿಯನ್ನು ಹೊಸದಾಗಿ ಕೂರಿಸಿದರು. ಮೊದಲ ಇಳಿಜಾರಿನ ಕೋನವನ್ನು 45 ಡಿಗ್ರಿಯಿಂದ 53ಕ್ಕೆ ಏರಿಸಿದರು. ನಲವತ್ಮೂರು ವರ್ಷದ ಮೃಗಕ್ಕೆ ಹೊಸ ಬೆನ್ನುಮೂಳೆ!

ಕಿರಿಯವನ ಚುರುಕು

ಮೂರನೆಯದು 2017ರ ಮಿಸ್ಟಿಕ್ ಟಿಂಬರ್ಸ್. ಪೆನ್ಸಿಲ್ವೇನಿಯಾದ ಗ್ರೇಟ್ ಕೋಸ್ಟರ್ಸ್ ಇಂಟರ್‌ನ್ಯಾಷನಲ್ ಕಂಪನಿಯ ಕೆಲಸ. ಎತ್ತರ 109 ಅಡಿ, ಉದ್ದ 3,265 ಅಡಿ, ವೆಚ್ಚ ಒಂದೂವರೆ ಕೋಟಿ ಡಾಲರ್. ಮೊದಲ ಇಳಿಜಾರು 98 ಅಡಿ, ಸರಿಸುಮಾರು 30 ಮೀಟರ್. ಹತ್ತನೇ ತರಗತಿಯವರು ಪೆನ್ಸಿಲ್ ಹಿಡಿಯಿರಿ: ಸ್ಥಿತಿಶಕ್ತಿಯೆಲ್ಲ ಚಲನಶಕ್ತಿಯಾದರೆ ವೇಗದ ವರ್ಗ 2×9.8×30, ಅಂದರೆ 588. ವರ್ಗಮೂಲ ಸುಮಾರು 24.2. ಗಂಟೆಗೆ 87 ಕಿಲೋಮೀಟರ್ ಆಯಿತು. ಉದ್ಯಾನ ಹೇಳುವ ವೇಗ 85. ಉಳಿದದ್ದು ಘರ್ಷಣೆಗೂ ಗಾಳಿಗೂ ಸಂದಾಯ!

ಇದರ ನಯದ ಗುಟ್ಟು ಹಳಿಯಲ್ಲಷ್ಟೇ ಇಲ್ಲ, ಗಾಡಿಯಲ್ಲೂ ಇದೆ. ಬೀಸ್ಟ್‌ನ ಒಂದು ಬೋಗಿಯಲ್ಲಿ ಮೂರು ಸಾಲು ಆಸನ. ಉದ್ದನೆಯ ಬೋಗಿ ತಿರುವಿನಲ್ಲಿ ಸಲೀಸಾಗಿ ಹೊರಳದು. ಗಾಲಿಗಳು ಹಳಿಯನ್ನು ಉಜ್ಜುತ್ತವೆ, ಅಲುಗಾಟ ಹುಟ್ಟುತ್ತದೆ. ಮಿಸ್ಟಿಕ್ ಟಿಂಬರ್ಸ್‌ನಲ್ಲಿ ಒಂದೊಂದು ಸಾಲೂ ಒಂದೊಂದು ಪುಟ್ಟ ಬೋಗಿ. ಗಾಡಿ ಜರಿಹುಳುವಿನಂತೆ ಹಳಿಯನ್ನು ಅನುಸರಿಸಿ ಬಳುಕುತ್ತದೆ. ಗಾಡಿ ಹಳಿಯ ಮಾತು ಕೇಳಿದಷ್ಟೂ ಹಳಿಯ ಆಯುಷ್ಯ ಹೆಚ್ಚು.

ಇಲ್ಲದ ಮಗ

ಬನ್‌ಶೀ ಎಂಬ ಉಕ್ಕಿನ ಕೋಸ್ಟರ್ ಈಗಿರುವ ಕಡೆ ಹಿಂದೆ ಸನ್ ಆಫ್ ಬೀಸ್ಟ್, ಮೃಗದ ಮಗ, ಇತ್ತು. ರೋಲರ್ ಕೋಸ್ಟರ್ ಕಾರ್ಪೊರೇಷನ್ ಆಫ್ ಅಮೆರಿಕ 2000ದಲ್ಲಿ ಕಟ್ಟಿದ್ದು. ಎತ್ತರ 218 ಅಡಿ. 200 ಅಡಿ ದಾಟಿದ ಮೊದಲ ಮರದ ಕೋಸ್ಟರ್. ಸವಾರರನ್ನು ತಲೆಕೆಳಗಾಗಿಸುವ ಸುತ್ತು ಬೇರೆ. ವೆಚ್ಚ ಎರಡು ಕೋಟಿ ಡಾಲರಿಗೂ ಮೇಲೆ. 2006ರ ಜುಲೈ 9ರಂದು ಒಂದು ತೊಲೆ ಬಿರುಕುಬಿಟ್ಟು ಹಳಿ ತಗ್ಗಿತು. ಗಾಡಿ ಆ ತಗ್ಗಿಗೆ ಬಡಿದು 27 ಮಂದಿಗೆ ಪೆಟ್ಟಾಯಿತು. ಸುತ್ತನ್ನು ಕಿತ್ತು, ಹಗುರವಾದ ಗಾಡಿ ತಂದು, 2007ರಲ್ಲಿ ಮತ್ತೆ ಓಡಿಸಿದರು. 2009ರಲ್ಲಿ ನಿಂತದ್ದು ಮತ್ತೆ ಏಳಲಿಲ್ಲ. 2012ರಲ್ಲಿ ಕೆಡವಿದರು. ಅಪ್ಪ ಇಂದಿಗೂ ಓಡುತ್ತಿದ್ದಾನೆ, ಮಗ ಹತ್ತು ವರ್ಷವೂ ಬಾಳಲಿಲ್ಲ.

ಹಾಗಾದರೆ ಬೇರೆ ದಾರಿಯಿಲ್ಲವೇ? ಇದೆ. ಲಿಕ್ಟೆನ್‌ಸ್ಟೈನ್ ದೇಶದ ಇಂಟಾಮಿನ್ ಕಂಪನಿ ಅಂಟಿಸಿದ ಮರದ ಪದರಗಳನ್ನು ಕಾರ್ಖಾನೆಯಲ್ಲೇ ಯಂತ್ರದಿಂದ ಕರಾರುವಾಕ್ಕಾಗಿ ಕತ್ತರಿಸಿ ತರುತ್ತದೆ, ಸ್ಥಳದಲ್ಲಿ ಜೋಡಿಸಿದರಾಯಿತು. ನ್ಯೂಜೆರ್ಸಿಯಲ್ಲಿ 2006ರಲ್ಲಿ ತೆರೆದ ಎಲ್ ಟೋರೊ ಈ ಬಗೆಯದು, ನಯಕ್ಕೆ ಹೆಸರಾದದ್ದು. ಆದರೂ 2022ರ ಆಗಸ್ಟ್‌ನಲ್ಲಿ ಸವಾರರಿಗೆ ಪೆಟ್ಟಾಗಿ ಮುಚ್ಚಿತು, 2023ರಲ್ಲಿ ಮರಳಿ ತೆರೆಯಿತು. ಇಡಾಹೊದ ರಾಕಿ ಮೌಂಟನ್ ಕಂಪನಿಯದು ಇನ್ನೊಂದು ದಾರಿ: ಮರದ ಚೌಕಟ್ಟು ಉಳಿಸಿಕೊಂಡು ಹಳಿಯನ್ನೇ ಉಕ್ಕಿನದು ಮಾಡುವುದು. ಓಹಾಯೊದ್ದೇ ಸೀಡರ್ ಪಾಯಿಂಟ್‌ನಲ್ಲಿ 1991ರ ಮೀನ್ ಸ್ಟ್ರೀಕ್ ಒರಟು ಸವಾರಿಯೆಂದು ಹೆಸರು ಕೆಡಿಸಿಕೊಂಡು 2016ರಲ್ಲಿ ನಿಂತಿತು. 2018ರಲ್ಲಿ ಸ್ಟೀಲ್ ವೆಂಜನ್ಸ್ ಆಗಿ ಮರುಹುಟ್ಟು ಪಡೆಯಿತು.

ಲೆಕ್ಕ ಏನು ಹೇಳುತ್ತದೆ?

1979ರಿಂದ 2017ರವರೆಗೆ ಅಮೆರಿಕದಲ್ಲಿ ಬೆಲೆಗಳು ಮೂರು ಪಟ್ಟು ಮೀರಿ ಏರಿದವು. ಅದನ್ನು ಸರಿದೂಗಿಸಿದರೂ ಒಂದು ಅಡಿಗೆ ಬೀಸ್ಟ್‌ಗಿಂತ ಮಿಸ್ಟಿಕ್ ಟಿಂಬರ್ಸ್‌ಗೆ ಸುಮಾರು ಮೂರು ಪಟ್ಟು ಖರ್ಚಾಗಿದೆ. ಅಗ್ಗವಾಗಿ ಕಟ್ಟಿದರೆ ನಯವನ್ನು ವರ್ಷ ವರ್ಷ ದುಡ್ಡು ಕೊಟ್ಟು ಕೊಳ್ಳಬೇಕು. ದುಬಾರಿಯಾಗಿ ಕಟ್ಟಿದರೆ ಒಂದಷ್ಟನ್ನು ಮೊದಲೇ ಕೊಂಡಂತೆ. ಆದರೆ ಪೂರ್ತಿಯಾಗಿ ಮೊದಲೇ ಕೊಳ್ಳಲು ಯಾರಿಗೂ ಸಾಧ್ಯವಾಗಿಲ್ಲ. ಬೀಸ್ಟ್ ಉಳಿದದ್ದು ಗಟ್ಟಿಮುಟ್ಟಾಗಿ ಹುಟ್ಟಿದ್ದರಿಂದ ಮಾತ್ರವಲ್ಲ, ನಲವತ್ತು ವರ್ಷ ಕಳೆದರೂ ಹಲಗೆ ಬದಲಿಸುವವರು ಇದ್ದುದರಿಂದ.

ಇಂಥ ಉದ್ಯಾನಗಳಲ್ಲಿ ಬಾಗಿಲು ತೆರೆಯುವ ಮುಂಚೆ ಬಡಗಿಗಳು ಹಳಿಯ ಪಕ್ಕದ ಕಿರುದಾರಿಯಲ್ಲಿ ನಡೆದು ಬೋಲ್ಟು, ಹಲಗೆಗಳನ್ನು ಪರೀಕ್ಷಿಸುತ್ತಾರೆ. ಆಮೇಲೆ ಖಾಲಿ ಗಾಡಿ ಓಡುತ್ತದೆ, ಕೊನೆಗೆ ಮಕ್ಕಳು. ನಮ್ಮೂರಲ್ಲೂ ತೇರು ಎಳೆಯುವ ಮುನ್ನ ಅಚ್ಚು, ಗಾಲಿ ನೋಡುವ ಬಡಗಿಯೊಬ್ಬ ಇರುತ್ತಾನೆ. ತೇರಿನ ಅಲಂಕಾರ ಎಲ್ಲರ ಕಣ್ಣಿಗೆ ಬೀಳುತ್ತದೆ, ಆತ ಬೀಳುವುದಿಲ್ಲ.

ಪೋಷಕರೇ, ಮಕ್ಕಳೊಂದಿಗೆ ಯಾವುದೇ ಉದ್ಯಾನಕ್ಕೆ ಹೋದಾಗ ಎತ್ತರದ ಮಿತಿ ಬರೆದ ಫಲಕವನ್ನು ಓದಿ, ಅದನ್ನು ಮೀರಲು ಚೌಕಾಸಿ ಮಾಡಬೇಡಿ. ಯಾವುದಾದರೂ ಆಟದ ಮುಂದೆ ‘ತಪಾಸಣೆಗಾಗಿ ಮುಚ್ಚಿದೆ’ ಎಂದಿದ್ದರೆ ಕೊಟ್ಟ ಹಣ ದಂಡವಾಯಿತೆಂದು ಗೊಣಗುವ ಬದಲು, ಒಳಗೆ ಯಾರೋ ತಮ್ಮ ಕೆಲಸ ಮಾಡುತ್ತಿದ್ದಾರೆಂದು ಮಕ್ಕಳಿಗೆ ತಿಳಿಸಿ ಹೇಳಿ.