ನೀರು ಎಲ್ಲಿಯವರೆಗೆ ಬರುತ್ತೆ?

ನ್ಯೂಯಾರ್ಕ್ ನೋಡಲು ಬಂದವರು ಸ್ಟ್ಯಾಟನ್ ಐಲ್ಯಾಂಡ್‌ಗೆ ಹೋಗುವ ಕಿತ್ತಳೆ ಬಣ್ಣದ ಫೆರಿ ಹತ್ತೇ ಹತ್ತುತ್ತಾರೆ. ಟಿಕೆಟ್ ಇಲ್ಲ, ದಾರಿಯಲ್ಲಿ ಲಿಬರ್ಟಿ ಪ್ರತಿಮೆ ಕಾಣುತ್ತೆ. 25 ನಿಮಿಷದಲ್ಲಿ ಆಚೆ ದಡ ಮುಟ್ಟಿ, ಫೋಟೊ ಆಯ್ತಲ್ಲ ಅಂತ ಮುಂದಿನ ಫೆರಿಯಲ್ಲೇ ವಾಪಸ್ ಬಂದುಬಿಡ್ತಾರೆ. ನೀವು ಹೋದರೆ ಅಲ್ಲಿಂದ ರೈಲು ಹಿಡಿದು ಓಕ್‌ವುಡ್ ಹೈಟ್ಸ್‌ನಲ್ಲಿ ಇಳಿಯಿರಿ. ಸಮುದ್ರದ ಕಡೆಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ನಡೆದರೆ ಓಕ್‌ವುಡ್ ಬೀಚ್ ಸಿಗುತ್ತೆ.

ಕಳೆದ ಅಕ್ಟೋಬರ್‌ನಲ್ಲಿ ನಾನು ಹೋಗಿದ್ದೆ. ಡಾಂಬರು ರಸ್ತೆ ಇದೆ, ಫಾಕ್ಸ್ ಬೀಚ್ ಅವೆನ್ಯೂ ಅಂತ ಹೆಸರೂ ಇದೆ. ಆದರೆ ಇಕ್ಕೆಲದಲ್ಲಿ ಮನೆಗಳಿಲ್ಲ. ಆಳೆತ್ತರದ ಜೊಂಡು, ಹುಲ್ಲು, ಅಲ್ಲಲ್ಲಿ ಹೆಬ್ಬಾತುಗಳು. ಒಂದು ಕಾಲಕ್ಕೆ ಇಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದ, ಅಂಗಳದಲ್ಲಿ ಬಟ್ಟೆ ಒಣಗುತ್ತಿದ್ದ ಬಡಾವಣೆ ಇತ್ತು.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂತು. ಅಮೆರಿಕದ ಈ ಉತ್ತರದ ಕರಾವಳಿಯವರೆಗೆ ಬರುವ ಚಂಡಮಾರುತಗಳು ಸಾಮಾನ್ಯವಾಗಿ ಬಲಕ್ಕೆ ತಿರುಗಿ ಅಟ್ಲಾಂಟಿಕ್ ಒಳಗೆ ಹೋಗಿಬಿಡುತ್ತವೆ. ಇದು ಎಡಕ್ಕೆ ತಿರುಗಿ ನೇರ ನ್ಯೂಜೆರ್ಸಿಗೆ ಹೊಡೆಯಿತು. ಜೋರು ಗಾಳಿಯ ಹರವು ಸುಮಾರು 1,600 ಕಿಲೋಮೀಟರ್. ನ್ಯೂಜೆರ್ಸಿ ಮತ್ತು ಲಾಂಗ್ ಐಲ್ಯಾಂಡ್ ದಡಗಳು ಸೇರುವ ಮೂಲೆಯಲ್ಲಿ ನ್ಯೂಯಾರ್ಕ್ ಇದೆ. ಗಾಳಿ ತಳ್ಳಿದ ನೀರೆಲ್ಲ ಆಲಿಕೆಗೆ ಸುರಿದಂತೆ ಆ ಮೂಲೆಗೆ ನುಗ್ಗಿತು. ಮೇಲಾಗಿ ಅವತ್ತು ಹುಣ್ಣಿಮೆ, ಉಬ್ಬರದ ಹೊತ್ತು. ನಮ್ಮ ಸಾಗರದ ಕಡೆ ಭೂಮಿ ಹುಣ್ಣಿಮೆ ಅಂತ ಗದ್ದೆಗೆ ಎಡೆ ಇಡುವ ದಿನ ಅದು. ಮ್ಯಾನ್‌ಹಟನ್‌ನ ತುದಿಯಲ್ಲಿ ನೀರು ಸರಾಸರಿ ಇಳಿತದ ಮಟ್ಟಕ್ಕಿಂತ ಸುಮಾರು 14 ಅಡಿ ಮೇಲೇರಿತ್ತು.

ಗಾಳಿ ಮಾತ್ರ ದಡ ಮುಟ್ಟುವಾಗ ಗಂಟೆಗೆ 130 ಕಿ.ಮೀ. ಆಸುಪಾಸು. ಚಂಡಮಾರುತಗಳ ಲೆಕ್ಕದಲ್ಲಿ ತೀರಾ ಕೆಳಗಿನ ದರ್ಜೆ. ಅದೂ ದಡ ಮುಟ್ಟುವ ಮೊದಲೇ ತಣ್ಣನೆ ಗಾಳಿ ಸೇರಿ ಅದರ ಸ್ವಭಾವ ಬದಲಾಗುತ್ತೆ ಅಂತ, ಈ ಭಾಗಕ್ಕೆ 'ಹರಿಕೇನ್ ಎಚ್ಚರಿಕೆ' ಅನ್ನೋ ಹೆಸರಲ್ಲಿ ಸೂಚನೆಯೇ ಬರಲಿಲ್ಲ. ಬೇರೆ ಹೆಸರಿನ ಎಚ್ಚರಿಕೆಗಳು ಬಂದವು. ತಗ್ಗು ಪ್ರದೇಶದವರು ಮನೆ ಬಿಡಲೇಬೇಕು ಅಂತ ನಗರದ ಆದೇಶವೂ ಇತ್ತು. ಆದರೆ ಹಿಂದಿನ ವರ್ಷ ಐರೀನ್ ಬಂದಾಗಲೂ ಹೀಗೇ ಆದೇಶ ಬಂದಿತ್ತು, ನಗರದಲ್ಲಿ ಹೆದರಿದಷ್ಟು ಹಾನಿ ಆಗಿರಲಿಲ್ಲ. ಹಾಗಾಗಿ ಎಷ್ಟೋ ಜನ ಮನೆಯಲ್ಲೇ ಉಳಿದರು.

ನನ್ನ ಕೆಲಸ ಸಾಫ್ಟ್‌ವೇರ್. ಸರ್ವರ್ ಕೆಟ್ಟರೆ ನಡುರಾತ್ರಿ ನಮ್ಮ ಫೋನ್ ಬಡ್ಕೊಳ್ಳುತ್ತೆ. ನಾಲ್ಕು ಸಲ ಸುಮ್ಮಸುಮ್ಮನೆ ಬಡ್ಕೊಂಡರೆ ಐದನೇ ಸಲ ಯಾರೂ ಏಳಲ್ಲ. ಅದಕ್ಕೇ ಉಳಿದವರನ್ನ ಮೂರ್ಖರು ಅನ್ನೋಕೆ ನನಗೆ ಬಾಯಿ ಬರಲ್ಲ.

ಅಮೆರಿಕದಲ್ಲಿ ಸ್ಯಾಂಡಿ ನೇರವಾಗಿ ಬಲಿ ತೆಗೆದುಕೊಂಡದ್ದು 72 ಜನರನ್ನು. ಅದರಲ್ಲಿ 41 ಮಂದಿ ಸತ್ತಿದ್ದು ಸಮುದ್ರದ ನೀರು ನುಗ್ಗಿ. ನ್ಯೂಯಾರ್ಕ್ ನಗರದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸ್ಟ್ಯಾಟನ್ ಐಲ್ಯಾಂಡ್‌ನಲ್ಲೇ. ಓಕ್‌ವುಡ್ ಬೀಚ್ ಒಂದರಲ್ಲೇ ಮೂವರು.

ಎಡಿಸನ್‌ನಲ್ಲಿರುವ ನಮ್ಮ ಭಾವ ಆಗಲೇ ಅಲ್ಲಿದ್ದರು. "ಎಂಟು ದಿನ ಕರೆಂಟಿಲ್ಲ ಕಣೋ. ಮಗೂಗೆ ಮೂರು ಸ್ವೆಟರ್ ಹಾಕಿ ಮಲಗಿಸ್ತಿದ್ವಿ. ಪೆಟ್ರೋಲ್‌ಗೆ ನಂಬರ್ ಪ್ಲೇಟ್ ಸರಿಸಂಖ್ಯೆಯೋ ಬೆಸಸಂಖ್ಯೆಯೋ ನೋಡಿ ದಿನ ಬಿಟ್ಟು ದಿನ ಹಾಕ್ತಿದ್ರು" ಅಂದರು. ಚಳಿಗೆ, ಕತ್ತಲಲ್ಲಿ ಬಿದ್ದು, ಜನರೇಟರ್ ಹೊಗೆ ಕುಡಿದು ಆಮೇಲೆ ಸತ್ತವರೇ ಸುಮಾರು 50 ಮಂದಿ. ಮೇಲಿನ 72ರಲ್ಲಿ ಇವರು ಸೇರಿಲ್ಲ.

ಓಕ್‌ವುಡ್ ಬೀಚ್ ಮೊದಲು ಜೌಗು ನೆಲವೇ. 1992ರಲ್ಲೂ ಇಲ್ಲಿ ನೀರು ನುಗ್ಗಿತ್ತು. ಸ್ಯಾಂಡಿ ಆದಮೇಲೆ ಊರವರೇ ಒಟ್ಟಾಗಿ, ನಮ್ಮ ಮನೆಗಳನ್ನು ಕೊಂಡುಕೊಳ್ಳಿ ಅಂತ ಸರ್ಕಾರವನ್ನು ಕೇಳಿದರು. ನ್ಯೂಯಾರ್ಕ್ ರಾಜ್ಯ ಚಂಡಮಾರುತಕ್ಕೆ ಮೊದಲಿದ್ದ ಬೆಲೆ ಕೊಟ್ಟು ನೂರಾರು ಮನೆ ಕೊಂಡು ಕೆಡವಿತು. ಷರತ್ತು ಒಂದೇ: ಅಲ್ಲಿ ಮತ್ತೆ ಯಾರೂ ಮನೆ ಕಟ್ಟುವಂತಿಲ್ಲ. ಹುಟ್ಟಿ ಬೆಳೆದ ಬೀದಿಯನ್ನು ತಾವೇ ಬೇಡ ಅನ್ನೋದು ಸಣ್ಣ ಮಾತಲ್ಲ. ಎಚ್ಚರಿಕೆಯ ನಿಯಮವನ್ನೂ 2013ರಲ್ಲಿ ಬದಲಿಸಿದರು. ಚಂಡಮಾರುತದ ಸ್ವಭಾವ ಬದಲಾದರೂ ಅಪಾಯ ಇರೋವರೆಗೆ ಎಚ್ಚರಿಕೆಯ ಹೆಸರು ಬದಲಾಗಬೇಕಿಲ್ಲ.

ಟಿವಿಯಲ್ಲಿ ಚಂಡಮಾರುತ ಅಂದ ಕೂಡಲೇ ನಾವು ಕೇಳೋದು ಗಾಳಿ ಎಷ್ಟು ಜೋರು ಅಂತ. ಕಡಲ ಹತ್ತಿರ ಇರುವವರು ಅದಕ್ಕಿಂತ ಮೊದಲು ಕೇಳಬೇಕಾದ್ದು, ನೀರು ನಮ್ಮ ಹೊಸ್ತಿಲಿಗಿಂತ ಎಷ್ಟು ಮೇಲೆ ಬರುತ್ತೆ ಅನ್ನೋದನ್ನ.

ಓಕ್‌ವುಡ್‌ಗೆ ಹೋಗುವವರು ಕುಡಿಯುವ ನೀರು ಒಯ್ಯಿರಿ, ಬೀಚ್ ಹತ್ತಿರ ಅಂಗಡಿಗಳಿಲ್ಲ. ಒಳ್ಳೆ ಬೂಟು ಹಾಕ್ಕೊಳ್ಳಿ. ಹುಣ್ಣಿಮೆ ಆಸುಪಾಸಾದರೆ ರಸ್ತೆ ಮೇಲೂ ನೀರಿರಬಹುದು.