ಮೈಮೇಲಿಂದ ಹಾದ ಗಾಳಿ

ಮೊನ್ನೆ ಸೋಲಾಪುರದ ಒಂದು ದವಾಖಾನೆಗೆ ಅಕ್ಕಲಕೋಟ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಗಂಡನನ್ನು ಕರೆತಂದಿದ್ದರು. ಮುತ್ಯಾನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಏಳುತ್ತಿರಲಿಲ್ಲ. ಡಾಕ್ಟರು ನೋಡಿ, ‘ಅಂಗಾವರೂನ ವಾರಂ ಗೆಲಂಯ’ ಎಂದು ಸ್ಕ್ಯಾನಿಂಗಿಗೆ ಚೀಟಿ ಬರೆದುಕೊಟ್ಟು ಮುಂದಿನವರನ್ನು ಕರೆದರು. ಅಜ್ಜಿಗೆ ಸಂತೆಗೆ ಬೇಕಾದಷ್ಟು ಮರಾಠಿ ಬರುತ್ತದೆ. ವಾರಂ ಅಂದರೆ ಗಾಳಿ, ಗೆಲಂ ಅಂದರೆ ಹೋಯಿತು. ಅವರ ಮುಖ ಅರಳಿತು. ‘ಮೈಮ್ಯಾಲಿನ ಗಾಳಿ ಹೋತಂತ್ರಿ, ಡಾಕ್ಟರೇ ಹೇಳ್ಯಾರ. ಇನ್ನ ಊರಿಗಿ ಹೋಗಿ ಒಂದು ತಾಯತ ಕಟ್ಟಸ್ತೀನಿ’ ಎನ್ನುತ್ತ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುತ್ಯಾನನ್ನು ಎಬ್ಬಿಸತೊಡಗಿದರು.

ಪಕ್ಕದಲ್ಲಿದ್ದ ನಾನು ಬಾಯಿ ತೆರೆಯುವ ಮೊದಲೇ ನೆಲ ಒರೆಸುತ್ತಿದ್ದ ಮಾವಶಿ ಬಕೆಟ್ ಬಿಟ್ಟು ಓಡಿಬಂದರು. ‘ಆಜಿ, ಜಾಊ ನಕಾ! ವಾರಂ ಮ್ಹಣಜೇ ಲಕ್ವಾ, ಲಕ್ವಾ!’ ಲಕ್ವಾ ಎಂದದ್ದೇ ಅಜ್ಜಿ ಕುಸಿದು ಕೂತರು. ಮಾವಶಿಯೇ ಗಾಲಿಕುರ್ಚಿ ತಂದು ಸ್ಕ್ಯಾನಿಂಗ್ ಕೋಣೆಗೆ ತಳ್ಳಿಕೊಂಡು ಹೋದರು. ಮನೆಯಲ್ಲಿ ಒಂದಕ್ಷರ ಕನ್ನಡ ಇಲ್ಲದ ಹೆಣ್ಣುಮಗಳು. ನಮ್ಮ ಮಂದಿ ಎಲ್ಲಿ ಎಡವುತ್ತಾರೆಂದು ನೋಡಿ ನೋಡಿಯೇ ಕಲಿತವರು.

ಅಜ್ಜಿಗೆ ತಿಳಿವಳಿಕೆ ಕಡಿಮೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಗಾಳಿಯ ಹರವೇ ಹಾಗಿದೆ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಬೀಸಬೇಕಾದದ್ದು ಗಾಳಿ, ಸೈಕಲ್ ಟ್ಯೂಬಿನೊಳಗೆ ಇರುವುದು ಗಾಳಿ, ಹುರುಳಿಲ್ಲದ ಸುದ್ದಿ ಗಾಳಿಮಾತು, ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಹಾದವರಿಗೆ ಬಡಿಯುವುದೂ ಗಾಳಿಯೇ. ಮರಾಠಿ ಇದನ್ನೆಲ್ಲ ಪಾಲು ಮಾಡಿ ಹಂಚಿದೆ: ಬೀಸಿದರೆ ವಾರಾ, ಟ್ಯೂಬಿನಲ್ಲಿ ಹವಾ, ಸುಳ್ಳುಸುದ್ದಿ ಅಫವಾ, ದೆವ್ವದ ಕಾಟ ಬಾಧಾ. ಆದರೆ ದೇವರು ಮೈಮೇಲೆ ಬಂದಾಗ ಅವರೂ ‘ಅಂಗಾತ ವಾರಂ ಆಲಂ’ ಅನ್ನುತ್ತಾರೆ. ಬಂದ ವಾರಂ ದೇವರಾದರೆ, ಹೋದ ವಾರಂ ದೆವ್ವ ಎಂದು ಅಜ್ಜಿ ತಿಳಿದದ್ದರಲ್ಲಿ ತಪ್ಪೇನು?

ಡಾಕ್ಟರ ಮಾತೂ ಸುಮ್ಮನೆ ಬಂದದ್ದಲ್ಲ. ಆಯುರ್ವೇದ ಈ ಬೇನೆಯನ್ನು ವಾತದ ಲೆಕ್ಕಕ್ಕೆ ಸೇರಿಸಿದೆ. ನಮ್ಮ ಪಾರ್ಶ್ವವಾಯುವಿನಲ್ಲಿ, ಅವರ ಅರ್ಧಾಂಗವಾಯುವಿನಲ್ಲಿ ವಾಯು ಕೂತದ್ದು ಅದಕ್ಕೇ. ಹವಾ ಪಾರಸಿ ದಾರಿಯಲ್ಲಿ ಬಂದ ಅರಬ್ಬಿ ಮಾತು. ಕನ್ನಡ, ಮರಾಠಿ ಎರಡರ ಹವಾಮಾನದಲ್ಲೂ ಅದೇ ಇದೆ. ಅಜ್ಜಿಯನ್ನು ಉಳಿಸಿದ ಲಕ್ವಾ ಕೂಡ ಅರಬ್ಬಿಯದೇ.

ಗಾಳಿ ಮಾತ್ರ ನಮ್ಮ ಮನೆತನದ್ದು. ತುಳುವರಿಗೂ ಗಾಳಿ, ತೆಲುಗರಿಗೆ ಗಾಲಿ, ತಮಿಳರ ಕಾಟ್ರು, ಮಲಯಾಳಿಗಳ ಕಾಟ್ಟು ಎಲ್ಲ ಒಂದೇ ದ್ರಾವಿಡ ಬೇರಿನವು. ಹಳೆಯ ತಮಿಳಿನಲ್ಲಿ ಬರಿಯ ‘ಕಾಲ್’ ಎಂದರೂ ಗಾಳಿ. ಸೋಲಾಪುರದ ಪೂರ್ವಭಾಗದ, ತೆಲುಗು ಮಾತಾಡುವ ಪದ್ಮಶಾಲಿ ನೇಕಾರರ ಓಣಿಯಲ್ಲಿ ನಮ್ಮ ಅಜ್ಜಿ ‘ಗಾಳಿ’ ಎಂದರೆ ಯಾರೂ ತಿರುಗಿ ಕೇಳುವುದಿಲ್ಲ. ಅಲ್ಲಿ ನಿಂತಾಗೆಲ್ಲ ನನಗೆ ಧೈರ್ಯ ಬರುತ್ತದೆ: ಈ ಊರಿನಲ್ಲಿ ಗಾಳಿ ಒಂಟಿಯಲ್ಲ.

ನನ್ನ ಸಿಟ್ಟು ಮರಾಠಿಯ ಮೇಲಲ್ಲ. ‘ವಾರಾ ಸುಟಲಾ’ ಎನ್ನುವ ಅವರೂ ‘ಗಾಳಿ ಬಿಟ್ಟದ’ ಎನ್ನುವ ನಾವೂ ಒಂದೇ ಅಂಗಳದಲ್ಲಿ ಮಾತು ಕಲಿತವರು. ಮರಾಠಿ ಶಾಲೆಯಲ್ಲಿ ಓದಿಯೂ ಜಯದೇವಿತಾಯಿ ಲಿಗಾಡೆ ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ಬರೆದದ್ದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದದ್ದು ಈ ಊರಿನ ಮಗಳಾಗಿಯೇ. ಎರಡೂ ಭಾಷೆ ಬಲ್ಲವರಿಗೆ ಇಲ್ಲಿ ಯಾವತ್ತೂ ಬರವಿಲ್ಲ. ಆದರೂ ರೋಗಿಗೆ ರೋಗದ ಹೆಸರು ಕನ್ನಡದಲ್ಲಿ ಹೇಳುವವರು ದವಾಖಾನೆಯ ಮೇಜಿನ ಹಿಂದೆ ಒಬ್ಬರೂ ಇಲ್ಲವೆಂದರೆ ಹೊಟ್ಟೆ ಉರಿಯುತ್ತದೆ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆದರೆ, ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ಇರುವುದು ಮೊದಲ 4.5 ಗಂಟೆ. ಅಕ್ಕಲಕೋಟದ ಹಳ್ಳಿಯಿಂದ ಬಸ್ಸು ಹಿಡಿದು ಬರುವುದರೊಳಗೇ ಅದರಲ್ಲಿ ಎಷ್ಟೋ ಮುಗಿದಿರುತ್ತದೆ. ಉಳಿದದ್ದನ್ನು ಒಂದು ಮಾತಿನ ಗೊಂದಲ ತಿನ್ನಬಾರದು.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಬನ್ನಿ ಎಂದು ಆ ದವಾಖಾನೆಯ ಗೋಡೆಯ ಮೇಲೆ ಮರಾಠಿಯಲ್ಲಿ ಬರೆಸಿದ್ದಾರೆ. ಅದರ ಕೆಳಗೆ ಕನ್ನಡದಲ್ಲೂ ಬರೆಸಲಿ, ತಲೆಬರಹಕ್ಕೆ ಎಲ್ಲರಿಗೂ ತಿಳಿಯುವ ‘ಲಕ್ವಾ’ ಇರಲಿ. ಅಕ್ಕಲಕೋಟ ಬಸ್ ನಿಲ್ದಾಣದಲ್ಲೂ ಅಂಥದೊಂದು ಬೋರ್ಡು ಬೇಕು. ಬರೆಯುವವರು ಸಿಗಲಿಲ್ಲವೆಂದರೆ ನಮ್ಮ ಕನ್ನಡ ಶಾಲೆಯ ಮಾಸ್ತರರನ್ನು ಕೇಳಲಿ, ಬಣ್ಣದ ಖರ್ಚು ನಾವು ಕೊಡುತ್ತೇವೆ.